ನೀಟ್ ಅಂಕ ಕೈಕೊಟ್ಟ ಮೇಲೆ: ಕಾಸರಗೋಡಿನ ಮನೆಗಳಿಗೆ ಒಂದಿಷ್ಟು ಲೆಕ್ಕ

(ಪ್ಲಸ್ ಟು ಮುಗಿಸಿದ ಮಕ್ಕಳು ಮತ್ತು ಅವರ ಮನೆಯವರಿಗಾಗಿ ಬದಿಯಡ್ಕದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಫಲಿತಾಂಶ ಬಂದ ಸಂಜೆ ನೆಂಟರು ಫೋನು ಮಾಡಿ ಕೇಳುವುದು ಒಂದೇ ಮಾತು: ‘ಪಾಸಾಯಿತಾ?’ ವೈದ್ಯಕೀಯ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ನೀಟ್ ಮಟ್ಟಿಗೆ ಇದಕ್ಕೆ ಹೌದು ಎಂದರೂ ಇಲ್ಲ ಎಂದರೂ ಹೆಚ್ಚೇನೂ ತಿಳಿಯುವುದಿಲ್ಲ. 2025ರಲ್ಲಿ ಪರೀಕ್ಷೆ ಬರೆದವರು 22 ಲಕ್ಷಕ್ಕಿಂತ ಹೆಚ್ಚು. ಅರ್ಹತೆ ಪಡೆದವರು 12.36 ಲಕ್ಷ. ದೇಶದ ಎಂಬಿಬಿಎಸ್ ಸೀಟುಗಳು ಸರಕಾರಿ, ಖಾಸಗಿ ಎಲ್ಲ ಕೂಡಿಸಿದರೂ ಸುಮಾರು 1.2 ಲಕ್ಷ. ಪಾಸಾದವರಲ್ಲೇ ಹತ್ತರಲ್ಲಿ ಒಂಬತ್ತು ಮಂದಿಗೆ ಸೀಟಿಲ್ಲ ಎಂದಾಯಿತು. ಆ ವರ್ಷ ಸಾಮಾನ್ಯ ವರ್ಗಕ್ಕೆ ಅರ್ಹತೆಯ ಗೆರೆ 720ರಲ್ಲಿ 144 ಅಂಕ, ಹಿಂದುಳಿದ ವರ್ಗ ಮತ್ತು ಪರಿಶಿಷ್ಟರಿಗೆ 113. ಈ ಗೆರೆ ದಾಟಿದರೆ ಸೀಟು ಹಂಚುವ ಕೌನ್ಸೆಲಿಂಗಿನ ಬಾಗಿಲಲ್ಲಿ ನಿಲ್ಲಬಹುದು, ಅಷ್ಟೆ.

ಅಂಕವನ್ನು ಇನ್ನೊಂದು ವರ್ಷದ ಅಂಕದ ಪಕ್ಕದಲ್ಲಿಟ್ಟು ಅಳೆಯುವುದು ಎರಡನೆಯ ತಪ್ಪು. 2024ರಲ್ಲಿ 600 ದಾಟಿದವರು 80 ಸಾವಿರದ ಆಸುಪಾಸು. 2025ರ ಮೇ 4ರ ಪರೀಕ್ಷೆಯಲ್ಲಿ ಫಿಸಿಕ್ಸ್ ಎಲ್ಲರನ್ನೂ ಹಣ್ಣು ಮಾಡಿತು. 600 ದಾಟಿದವರು 1,400ರೊಳಗೆ, ಮೊದಲ ಸ್ಥಾನಕ್ಕೇ 686. ಅಣ್ಣನಿಗೆ 2024ರಲ್ಲಿ 610 ಬಂದು ಸರಕಾರಿ ಸೀಟು ಕೈತಪ್ಪಿದ್ದೂ ಇರಬಹುದು, ತಂಗಿಗೆ ಮರುವರ್ಷ 530 ಬಂದು ಸೀಟು ಸಿಕ್ಕಿದ್ದೂ ಇರಬಹುದು. ಇಬ್ಬರ ಅಂಕಪಟ್ಟಿಯನ್ನು ಊಟದ ಹೊತ್ತಿನಲ್ಲಿ ಹೋಲಿಸುವುದರಲ್ಲಿ ಅರ್ಥವಿಲ್ಲ. ನೋಡಬೇಕಾದದ್ದು ರ‍್ಯಾಂಕು, ಅದರಲ್ಲೂ ನಿಮ್ಮ ವರ್ಗದಲ್ಲಿ, ನಿಮ್ಮ ರಾಜ್ಯದಲ್ಲಿ, ಕಳೆದ ವರ್ಷದ ಕೊನೆಯ ಸುತ್ತಿನಲ್ಲಿ ಸೀಟು ಎಷ್ಟನೇ ರ‍್ಯಾಂಕಿಗೆ ನಿಂತಿತು ಎನ್ನುವುದು. ಕೇರಳದ ಪ್ರವೇಶ ಪರೀಕ್ಷಾ ಆಯುಕ್ತರ ಜಾಲತಾಣದಲ್ಲಿ ಆ ಪಟ್ಟಿ ಕಾಲೇಜುವಾರು ಸಿಗುತ್ತದೆ. ಮೊದಲ ಸುತ್ತಿನ ಪಟ್ಟಿ ನೋಡಿ ಎದೆಗುಂದಬೇಡಿ, ಕೊನೆಯ ಸುತ್ತಿನದನ್ನು ನೋಡಿ.

ಇವತ್ತು ನಾವು ಒತ್ತಿ ಹೇಳಬೇಕೆಂದಿರುವುದು ಒಂದೇ ವಿಷಯ. ಬರೆದ ಪರೀಕ್ಷೆಯ ಲೆಕ್ಕ, ಸಿಗಬಹುದಾದ ಸೀಟಿನ ಲೆಕ್ಕ, ಮುಂದಿನ ವರ್ಷದ ನಿರ್ಧಾರ ಇವು ಮೂರು ಬೇರೆ ಬೇರೆ ಕೆಲಸಗಳು. ಮನೆಗಳಲ್ಲಿ ಆಗುತ್ತಿರುವುದೇನೆಂದರೆ, ಮೊದಲೆರಡನ್ನು ಮಾಡದೆ ಮೂರನೆಯದನ್ನು ಫಲಿತಾಂಶ ಬಂದ ರಾತ್ರಿಯೇ ತೀರ್ಮಾನಿಸಿಬಿಡುವುದು. ‘ಇನ್ನೊಂದು ವರ್ಷ ರಿಪೀಟ್ ಮಾಡಲಿ’ ಎಂದು ಅಪ್ಪ, ‘ಸಾಕಿನ್ನು’ ಎಂದು ಮಗು. ಇಬ್ಬರ ಕೈಯಲ್ಲೂ ಲೆಕ್ಕವಿಲ್ಲ.

ಅದಕ್ಕೂ ಮೊದಲು ಮಗುವಿನ ವಿಷಯ. ಮೊದಲ ವಾರ ಮಗುವನ್ನು ಅದರ ಪಾಡಿಗೆ ಬಿಡಿ. ಆದರೆ ಒಂಟಿಯಾಗಿ ಬಿಡಬೇಡಿ. ಕೌನ್ಸೆಲಿಂಗಿನ ದಿನಾಂಕಗಳು ಯಾರಿಗೂ ಕಾಯುವುದಿಲ್ಲ, ಹಾಗಾಗಿ ಮನೆಯ ದೊಡ್ಡವರೊಬ್ಬರು ಜಾಲತಾಣ, ಆನ್‌ಲೈನ್ ಅರ್ಜಿ ಹಾಕಿಸುವ ಅಕ್ಷಯ ಕೇಂದ್ರ, ನೆಂಟರ ಫೋನು ಈ ಮೂರನ್ನೂ ವಹಿಸಿಕೊಳ್ಳಬೇಕು. ಮಗುವಿನ ಫೋನಿಗೆ ಬಂದ ಕರೆಯನ್ನು ಮಗುವೇ ಎತ್ತಬೇಕೆಂದಿಲ್ಲ. ಅಳು, ಸಿಟ್ಟು, ಎರಡು ದಿನ ಕೋಣೆಯಲ್ಲೇ ಇರುವುದು ಸಹಜ. ಎರಡು ವಾರ ಕಳೆದರೂ ನಿದ್ದೆ ಊಟ ದಾರಿಗೆ ಬಾರದಿದ್ದರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, ‘ನಾನಿಲ್ಲದಿದ್ದರೆ ನಿಮಗೆ ಹಗುರ’ ಎಂಬಂಥ ಮಾತು ಬಂದರೆ ಅದನ್ನು ಹಟವೆಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ತೋಟದ ಔಷಧಿ, ಅಜ್ಜ ಅಜ್ಜಿಯ ಮಾತ್ರೆಗಳಿಗೆ ಬೀಗ ಬೀಳಲಿ. ಟೆಲಿ ಮಾನಸ್ 14416, ಕೇರಳದ ದಿಶಾ 1056, ಎರಡೂ ಹಗಲು ರಾತ್ರಿ ಸಿಗುವ ಉಚಿತ ಸಂಖ್ಯೆಗಳು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಕಾಣುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ; ಡಾಕ್ಟರಾಗಬೇಕು ಎನ್ನುವ ಮನೆಯಲ್ಲಂತೂ ಇರಬಾರದು.

ಇನ್ನು ಬರೆದ ಪರೀಕ್ಷೆಯ ಲೆಕ್ಕ. ನೀಟಿನ ಪ್ರಶ್ನೆಪತ್ರಿಕೆಯನ್ನು ಮನೆಗೆ ತರಬಹುದು. ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆಯ ಪ್ರತಿಯೂ ಅಂತಿಮ ಕೀ ಉತ್ತರವೂ ಸಿಗುತ್ತವೆ. ಮೂರನ್ನೂ ಮೇಜಿನ ಮೇಲಿಟ್ಟು ಕುಳಿತರೆ ಒಂದು ದಿನದ ಕೆಲಸ. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ, ಏಕೆಂದರೆ ಆ ಹಾಳೆಯನ್ನು ಮತ್ತೆ ನೋಡಲು ಹೊಟ್ಟೆ ಸಂಕಟ. ಒಎಂಆರ್ ಓದುವಿಕೆಯಲ್ಲಿ ತಪ್ಪಿದೆ ಎನ್ನುವವರು, ಕೀ ಉತ್ತರವೇ ತಪ್ಪು ಎನ್ನುವವರು ಫಲಿತಾಂಶಕ್ಕೆ ಮುಂಚೆ ತೆರೆಯುವ ಕೆಲವೇ ದಿನಗಳ ಅವಧಿಯಲ್ಲಿ ಪ್ರಶ್ನೆಗೆ 200 ರೂಪಾಯಿ ಕಟ್ಟಿ ಆಕ್ಷೇಪ ಸಲ್ಲಿಸಬೇಕು. ಫಲಿತಾಂಶದ ಬಳಿಕ ಮರುಎಣಿಕೆ, ಮರುಮೌಲ್ಯಮಾಪನ ಯಾವುದೂ ಇಲ್ಲ.

180 ಪ್ರಶ್ನೆಗಳು: ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಸರಿಯಾದರೆ 4, ತಪ್ಪಾದರೆ ಕಳೆ 1. ಉದಾಹರಣೆಗೆ 118 ಸರಿ, 47 ತಪ್ಪು, 15 ಬಿಟ್ಟದ್ದು ಎಂದುಕೊಳ್ಳಿ. 472ರಿಂದ 47 ಕಳೆದು 425. ಈಗ ಆ 47 ತಪ್ಪುಗಳನ್ನು ಅಡಿಕೆ ಗ್ರೇಡ್ ಮಾಡುವಂತೆ ಬೇರೆ ಬೇರೆ ಮಾಡಬೇಕು, ಪಟೋರ ಒಂದು ಕಡೆ, ಕರಿಗೋಟು ಒಂದು ಕಡೆ. ಪಾಠವೇ ಗೊತ್ತಿಲ್ಲದ್ದು ಎಷ್ಟು? ಓದಿದ್ದರೂ ಮರೆತದ್ದು ಎಷ್ಟು? ಸೂತ್ರ ಸರಿಯಿದ್ದು ಲೆಕ್ಕ ತಪ್ಪಿದ್ದು? ‘ಸರಿಯಲ್ಲದ ಹೇಳಿಕೆ ಯಾವುದು’ ಎಂದಿದ್ದುದನ್ನು ‘ಸರಿಯಾದ ಹೇಳಿಕೆ’ ಎಂದು ಓದಿದ್ದು? ಹೊತ್ತು ಸಾಲದೆ ಕೊನೆಯಲ್ಲಿ ತುಂಬಿದ್ದು? ಒಎಂಆರಿನಲ್ಲಿ ಸಾಲು ತಪ್ಪಿದ್ದು?

ಒಂದು ತಪ್ಪು ಸರಿಯಾದರೆ ಸಿಗುವುದು ನಾಲ್ಕಲ್ಲ, ಐದು ಅಂಕ: ಕಳೆಯುವ 1 ಉಳಿಯುತ್ತದೆ, 4 ಬರುತ್ತದೆ. 47ರಲ್ಲಿ 20 ತಪ್ಪುಗಳು ಲೆಕ್ಕದ್ದೋ ಓದುವಿಕೆಯದ್ದೋ ಆಗಿದ್ದರೆ ಹೊಸತಾಗಿ ಒಂದು ಪುಟವನ್ನೂ ಓದದೆ 100 ಅಂಕ ಮೇಲೇರಲು ಅವಕಾಶವಿದೆ. ಅಂಥವರಿಗೆ ಬೇಕಾದ್ದು ಅಭ್ಯಾಸ ಪರೀಕ್ಷೆಗಳು, ದುಬಾರಿ ಕ್ಲಾಸುಗಳಲ್ಲ. 47ರಲ್ಲಿ 35 ‘ಗೊತ್ತೇ ಇಲ್ಲ’ದ ರಾಶಿಗೆ ಬಿದ್ದರೆ ಅವರದು ಬೇರೆ ಕಾಯಿಲೆ, ಬೇರೆ ಮದ್ದು.

ಊಹೆಯ ಬಗ್ಗೆಯೂ ಒಂದು ಮಾತು. ‘ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡ’ ಎಂಬ ಉಪದೇಶ ಎಲ್ಲ ಕಡೆ ಇದೆ. ಗಣಿತ ಹಾಗೆ ಹೇಳುವುದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೆ ಸರಾಸರಿ ಲಾಭ ಕಾಲು ಅಂಕ, ಅಂದರೆ ಇದ್ದೂ ಇಲ್ಲದಂತೆ. ಎರಡು ಆಯ್ಕೆಗಳನ್ನು ಖಚಿತವಾಗಿ ಹೊಡೆದುಹಾಕಿದ ಮೇಲೆ ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಸರಾಸರಿ ಒಂದೂವರೆ ಅಂಕ. ಅಲ್ಲಿ ಬಿಟ್ಟುಬರುವುದೇ ನಷ್ಟ. ‘ಖಚಿತವಾಗಿ’ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅರ್ಧ ನೆನಪಿನಿಂದ ಸರಿಯುತ್ತರವನ್ನೇ ಹೊಡೆದುಹಾಕುವ ಅಭ್ಯಾಸ ನಿಮ್ಮದೋ ಅಲ್ಲವೋ ಎಂದು ಆ ಪ್ರಶ್ನೆಪತ್ರಿಕೆಯ ಪೆನ್ಸಿಲ್ ಗುರುತುಗಳೇ ಹೇಳುತ್ತವೆ.

ಮುಂದಿನದು ಸೀಟಿನ ಲೆಕ್ಕ. ಗಡಿಯವರಾದ ನಮಗೆ ಬಾಗಿಲುಗಳು ಹೆಚ್ಚು, ಅದರಿಂದಾಗಿ ತಪ್ಪಿಹೋಗುವ ದಿನಾಂಕಗಳೂ ಹೆಚ್ಚು.

ಸರಕಾರಿ ಕಾಲೇಜುಗಳ ಶೇ. 15 ಸೀಟು (ಅಖಿಲ ಭಾರತ ಕೋಟಾ), ಏಮ್ಸ್, ಜಿಪ್‌ಮರ್, ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ಹಂಚುವುದು ಕೇಂದ್ರದ ಎಂಸಿಸಿ (ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ). ಮಂಗಳೂರಿನ ಕೆಎಂಸಿ, ಯೆನೆಪೋಯ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಇವೆಲ್ಲ ಡೀಮ್ಡ್, ಎಂಸಿಸಿ ಮೂಲಕವೇ. ಅಖಿಲ ಭಾರತ ಕೋಟಾಕ್ಕೆ ಮರಳಿ ಬರುವ ಠೇವಣಿ ಸಾಮಾನ್ಯ ವರ್ಗಕ್ಕೆ 10,000, ಮೀಸಲು ವರ್ಗಗಳಿಗೆ 5,000 ರೂಪಾಯಿ. ಡೀಮ್ಡ್ ಸೇರಿಸಿದರೆ 2 ಲಕ್ಷ. ಮೊದಲ ಸುತ್ತಿನಲ್ಲಿ ಸಿಕ್ಕಿದ್ದನ್ನು ಬಿಟ್ಟರೆ ಠೇವಣಿ ಉಳಿಯುತ್ತದೆ. ಎರಡನೇ ಸುತ್ತಿನಲ್ಲಿ ಬಿಟ್ಟರೆ ಹೋಗುತ್ತದೆ. ಮೂರನೇ ಸುತ್ತಿನಲ್ಲಿ ಸೇರಿದರೆ ಹೊರಬರುವಂತಿಲ್ಲ. ಅದಕ್ಕೇ ‘ಸುಮ್ಮನೆ ಒಂದು ಆಪ್ಷನ್ ಹಾಕಿಡುವ’ ಎನ್ನುವ ಆಟ ಮೊದಲ ಸುತ್ತಿಗೆ ಮಾತ್ರ ಸರಿ. ಆಮೇಲಿನ ಸುತ್ತುಗಳಲ್ಲಿ ನಿಜವಾಗಿಯೂ ಹೋಗಿ ಸೇರುವ ಕಾಲೇಜನ್ನಷ್ಟೇ ಬರೆಯಬೇಕು.

ಕೇರಳದ ಸೀಟಿಗೆ ನೀಟ್ ಅಂಕ ಇದ್ದರೆ ಸಾಲದು. ಜನವರಿಯಿಂದ ಮಾರ್ಚ್ ನಡುವೆ ಕರೆಯುವ, ಎಂಜಿನಿಯರಿಂಗ್ ಮೆಡಿಕಲ್ ಎರಡಕ್ಕೂ ಒಂದೇ ಆದ ರಾಜ್ಯದ ಕೀಮ್ ಅರ್ಜಿಯನ್ನು ಆಗಲೇ ಹಾಕಿರಬೇಕು; ಫಲಿತಾಂಶ ಬಂದ ಮೇಲೆ ಅದೇ ಖಾತೆಗೆ ನೀಟ್ ಅಂಕ ಸೇರಿಸಬೇಕು. ಎಂಜಿನಿಯರಿಂಗ್ ಬೇಡವೆಂದು ಕೀಮ್ ಅರ್ಜಿಯನ್ನೇ ಹಾಕದೆ ಕುಳಿತವರು ಒಳ್ಳೆಯ ರ‍್ಯಾಂಕಿದ್ದೂ ರಾಜ್ಯದ ಪಟ್ಟಿಯಿಂದ ಹೊರಗೆ ಉಳಿಯುತ್ತಾರೆ. ಅಂಕ ಕಡಿಮೆಯಾಯಿತೆಂದು ಬೇಸರಿಸಿ ಅಂಕ ಸೇರಿಸುವ ಕೆಲಸವನ್ನೇ ಬಿಡುವವರೂ ಇದ್ದಾರೆ. ಬಿಡಬೇಡಿ. ಬಿಎಎಂಎಸ್ (ಆಯುರ್ವೇದ), ಬಿಎಚ್‌ಎಂಎಸ್ (ಹೋಮಿಯೋಪಥಿ), ವೆಟರ್ನರಿ, ಕೃಷಿ, ಅರಣ್ಯ, ಮೀನುಗಾರಿಕೆ ಎಲ್ಲದಕ್ಕೂ ಅದೇ ಅಂಕ. ಕೃಷಿಯಂಥ ಕೋರ್ಸುಗಳಿಗೆ ನೀಟಿನ ಅರ್ಹತಾ ಗೆರೆ ದಾಟಬೇಕೆಂದೂ ಇಲ್ಲ. ಕೃಷಿ ವಿಶ್ವವಿದ್ಯಾಲಯದ ಕಾಲೇಜು ನಮ್ಮ ಜಿಲ್ಲೆಯ ಪಡನ್ನಕ್ಕಾಡಿನಲ್ಲೇ ಇದೆ.

ಸರ್ಟಿಫಿಕೇಟಿನಲ್ಲಿ ಎಡವುವವರು ಬಹಳ. ಹಿಂದುಳಿದ ವರ್ಗದ ಮೀಸಲಾತಿಗೆ ಬೇಕಾದ ನಾನ್ ಕ್ರೀಮಿ ಲೇಯರ್ ಪತ್ರ ರಾಜ್ಯಕ್ಕೆ ಒಂದು, ಕೇಂದ್ರಕ್ಕೆ ಇನ್ನೊಂದು. ಮೊದಲನೆಯದು ವಿಲೇಜ್ ಆಫೀಸಿನಿಂದ, ಎರಡನೆಯದು ಕೇಂದ್ರದ ನಮೂನೆಯಲ್ಲಿ ತಹಸೀಲ್ದಾರರಿಂದ. ಒಂದನ್ನು ತೋರಿಸಿ ಇನ್ನೊಂದರ ಕೆಲಸ ಮಾಡಿಸಲಾಗುವುದಿಲ್ಲ. ಜೂನ್‌ನಲ್ಲಿ ಎಲ್ಲರೂ ಒಟ್ಟಿಗೆ ಅರ್ಜಿ ಹಾಕಿದಾಗ ಸರ್ವರ್ ನಿಂತುಹೋಗುವುದು ಹೊಸತಲ್ಲ. ಏಪ್ರಿಲ್ ಒಂದರ ಬಳಿಕ, ಆ ಆರ್ಥಿಕ ವರ್ಷದ್ದನ್ನು, ಮೊದಲೇ ಮಾಡಿಸಿಡಿ.

ಮೂರನೆಯ ಬಾಗಿಲು ಕರ್ನಾಟಕದ್ದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಕಲಮು ಇದೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗದವರು, ಮಹಾರಾಷ್ಟ್ರದಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜದವರು ಅದರಲ್ಲಿ ಬರುತ್ತಾರೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಪ್ರಾಧಿಕಾರ ನಡೆಸುವ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯಲ್ಲಿ ಕನಿಷ್ಠ 12 ಬರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಇದು ಪರೀಕ್ಷೆಯೇ ಅಲ್ಲ. ಆದರೆ ಹಾಜರಾಗದೆ ಹೋದರೆ ಕಲಮಿನ ಪ್ರಯೋಜನವೇ ಇಲ್ಲ. ಎಷ್ಟು ವರ್ಷ ಎಲ್ಲಿ ಓದಿರಬೇಕು, ಯಾವ ಮೀಸಲಾತಿ ಅನ್ವಯ ಎನ್ನುವುದನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ನೋಡಿ, ವಾಟ್ಸಪ್ ಗುಂಪಿನಲ್ಲಿ ಅಲ್ಲ.

ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2025ರಲ್ಲಿ 50 ಎಂಬಿಬಿಎಸ್ ಸೀಟುಗಳ ಅನುಮತಿ ಸಿಕ್ಕಿತು. 2013ರಲ್ಲಿ ಕಲ್ಲು ಹಾಕಿದ ಕಾಲೇಜು. ಜಿಲ್ಲೆಯ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆಯೆಂದು ಭಾವಿಸಬೇಡಿ, ಅಲ್ಲೂ ರ‍್ಯಾಂಕೇ.

ಈಗ ನಿರ್ಧಾರದ ಮಾತು. ರಿಪೀಟ್ ಮಾಡುವುದು ಸರಿಯೇ ತಪ್ಪೇ ಎಂದು ಕೇಳಿದರೆ ನಾವು ಮೊದಲು ಕೇಳುವುದು ಇದು ಎಷ್ಟನೇ ಸಲ ಎಂದು. ಪ್ಲಸ್ ಟು ಬೋರ್ಡ್ ಪರೀಕ್ಷೆಯ ಜತೆಗೇ ಮೊದಲ ಸಲ ಬರೆದವರಿಗೆ ಬೆಳೆಯಲು ಜಾಗವಿದೆ. ಕಾರಣ ಸರಳ: ನೀಟಿನ ಅರ್ಧದಷ್ಟು ಭಾಗ ಪ್ಲಸ್ ವನ್ ಪಾಠ, ಅದನ್ನು ಅವರು ಒಂದು ವರ್ಷ ಮುಟ್ಟಿಯೇ ಇರುವುದಿಲ್ಲ. ಇದಕ್ಕೆ ನಮ್ಮ ಕಡೆಯ ಇನ್ನೊಂದು ಕಾರಣ ಸೇರುತ್ತದೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಪ್ಲಸ್ ವನ್‌ನಲ್ಲಿ ಏಕಾಏಕಿ ಇಂಗ್ಲಿಷಿಗೆ ಬಿದ್ದ ಮಗು ಆ ವರ್ಷವನ್ನು ಭಾಷೆ ಹಿಡಿಯುವುದರಲ್ಲೇ ಕಳೆದಿರುತ್ತದೆ. ಎರಡನೇ ಓದಿನಲ್ಲಿ ಅದೇ ಪಾಠ ಬೇರೆಯೇ ಆಗಿ ಕಾಣುತ್ತದೆ. ಎರಡು ಸಲ ಪೂರ್ತಿ ತಯಾರಿ ಮಾಡಿ ರ‍್ಯಾಂಕು ಅಲ್ಲಲ್ಲೇ ನಿಂತಿದ್ದರೆ ಮೂರನೆಯದಕ್ಕೆ ನಾವು ಸುಲಭಕ್ಕೆ ಹೂಂ ಎನ್ನುವುದಿಲ್ಲ, ಮನೆಯವರು ಎಷ್ಟೇ ಒತ್ತಿದರೂ. ಇನ್ನೂ ಒಂದು ವಿಷಯ: ರಿಪೀಟ್ ಮಾಡುವವರು ಮಕ್ಕಳು, ಹೌದೆನ್ನಬೇಕಾದವರೂ ಅವರೇ.

ಹೌದೆಂದವರ ವರ್ಷ ಹೀಗಿರಲಿ. ಮೊದಲು ಪಠ್ಯಕ್ರಮದ ಪಟ್ಟಿ ಇಳಿಸಿಕೊಂಡು ಕೈಯಲ್ಲಿರುವ ಪುಸ್ತಕಕ್ಕೆ ಹೋಲಿಸಿ. 2024ರ ಪರೀಕ್ಷೆಯಿಂದ ಪಠ್ಯ ಕಡಿತವಾಗಿದೆ. ಘನಸ್ಥಿತಿ, ಪಾಲಿಮರ್, ಲೋಹಶಾಸ್ತ್ರ, ಜೀರ್ಣಕ್ರಿಯೆ, ಸಸ್ಯಗಳ ಖನಿಜ ಪೋಷಣೆ ಮೊದಲಾದ ಅಧ್ಯಾಯಗಳು ಹೋಗಿವೆ. ಅಕ್ಕನ ಹಳೆಯ ಗೈಡು ಹಿಡಿದವರು ಬೇಡದ್ದನ್ನು ತಿಂಗಳುಗಟ್ಟಲೆ ಓದುವುದುಂಟು.

ಬಯಾಲಜಿಗೆ ಎನ್‌ಸಿಇಆರ್‌ಟಿ ಪುಸ್ತಕವೇ ತಾಯಿ. ಚಿತ್ರದ ಕೆಳಗಿನ ಬರಹ, ಕೋಷ್ಟಕ, ಅಂಚಿನ ಹೆಸರು ಯಾವುದನ್ನೂ ಬಿಡದೆ ನಾಲ್ಕೈದು ಸಲ ಆಗಬೇಕು. ಬರಿ ಓದು ಕಣ್ಣಿಗೆ ಪರಿಚಯ ಮಾಡಿಸುತ್ತದೆಯೇ ಹೊರತು ನೆನಪಿಗೆ ತರುವುದಿಲ್ಲ. ಪುಟ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆದುನೋಡಿ, ಮೂರು ದಿನ ಬಿಟ್ಟು ಇನ್ನೊಮ್ಮೆ, ಎರಡು ವಾರ ಬಿಟ್ಟು ಮತ್ತೊಮ್ಮೆ. ಫಿಸಿಕ್ಸಿನಲ್ಲಿ ಸೋಲುವವರಲ್ಲಿ ಬಹುಪಾಲು ಸೋತಿರುವುದು ಗಣಿತದಲ್ಲಿ. ಪ್ಲಸ್ ಟುವಿನಲ್ಲಿ ಗಣಿತವಿಲ್ಲದ ಗುಂಪು ತೆಗೆದುಕೊಂಡವರು ಮೊದಲ ಮೂರು ವಾರ ಬರೀ ವೆಕ್ಟರ್, ಲಾಗ್, ತ್ರಿಕೋನಮಿತಿ, ಸರಳ ಡಿಫರೆನ್ಶಿಯೇಶನ್ ಮತ್ತು ಇಂಟಿಗ್ರೇಶನ್ ಮಾಡಲಿ. ಕ್ಯಾಲ್ಕುಲೇಟರ್ ಇಲ್ಲ, 9.8ನ್ನು 10 ಎಂದು ಹಿಡಿಯಲು, ವರ್ಗಮೂಲ ಅಂದಾಜಿಸಲು ಕೈ ಪಳಗಬೇಕು. ಕೆಮಿಸ್ಟ್ರಿಯಲ್ಲಿ ಇನಾರ್ಗ್ಯಾನಿಕ್ ಪುಸ್ತಕ ಓದಿ, ಫಿಸಿಕಲ್ ಲೆಕ್ಕ ಮಾಡಿ, ಆರ್ಗ್ಯಾನಿಕ್ ಕ್ರಿಯೆಗಳ ಪಟ್ಟಿಯನ್ನು ನೀವೇ ಬರೆದು ಕಲಿಯಬೇಕು.

ನವೆಂಬರಿನಿಂದ ವಾರಕ್ಕೊಂದು ಪೂರ್ತಿ ಪರೀಕ್ಷೆ, ಫೆಬ್ರವರಿಯಿಂದ ಎರಡು. ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5. ಉಂಡು ಕಣ್ಣು ಎಳೆಯುವ ಹೊತ್ತು. ಅದೇ ಹೊತ್ತಿಗೆ ಅಭ್ಯಾಸ ಮಾಡಬೇಕು, ಬೆಳಗಿನ ಐದು ಗಂಟೆಯ ತಾಜಾ ತಲೆಯಲ್ಲಲ್ಲ. ಕಂಪ್ಯೂಟರ್ ಪರದೆಯ ಮೇಲಷ್ಟೇ ಬರೆದವರಿಗೆ ಒಎಂಆರಿಗೆ ಬೇಕಾದ ಹತ್ತು ಹದಿನೈದು ನಿಮಿಷದ ಅಂದಾಜೇ ಇರುವುದಿಲ್ಲ. ಕಾಗದದ ಒಎಂಆರ್, ಕಪ್ಪು ಬಾಲ್ ಪೆನ್ನು ಬಳಸಿ. ಒಂದು ಹಂಚಿಕೆ: ಬಯಾಲಜಿ 50 ನಿಮಿಷ, ಕೆಮಿಸ್ಟ್ರಿ 50, ಫಿಸಿಕ್ಸ್ 65, ಉಳಿದ 15 ಒಎಂಆರಿಗೆ. ಪರೀಕ್ಷೆಗಿಂತ ಹೆಚ್ಚು ಹೊತ್ತು ಅದರ ತಪ್ಪುಗಳನ್ನು ವಿಂಗಡಿಸಲು ಕೊಡಬೇಕು. ಒಟ್ಟು ಅಂಕವನ್ನು ಬರೆದಿಡಬೇಡಿ, ಸರಿ ಎಷ್ಟು ತಪ್ಪು ಎಷ್ಟು ಎಂದು ಎರಡು ಸಾಲು ಬರೆದಿಡಿ. ಸರಿ ಏರುತ್ತಾ ತಪ್ಪೂ ಏರುತ್ತಿದ್ದರೆ ಅದು ಓದಿನ ಫಲವಲ್ಲ, ಧೈರ್ಯದ ಫಲ. ಜನವರಿಯಲ್ಲಿ ಈ ಸಾಲುಗಳನ್ನು ನೋಡಿ, ಕದಲದಿದ್ದರೆ ಕೀಮ್, ಸಿಯುಇಟಿ ಅರ್ಜಿಗಳು ಆಗಲೇ ಹೋಗಬೇಕು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ದಾರಿ ಸಿಯುಇಟಿಯದ್ದು.

ಕೋಚಿಂಗಿಗೆ ಪಾಲಾ, ತ್ರಿಶೂರು, ಮಂಗಳೂರು ಎಂದು ಹೊರಡುವವರು ಜಾಹೀರಾತಿನ ಟಾಪರ್ ಚಿತ್ರ ನೋಡುವುದಕ್ಕಿಂತ ಬ್ಯಾಚಿನಲ್ಲಿ ಎಷ್ಟು ಮಂದಿ, ಪೂರ್ತಿ ಪರೀಕ್ಷೆಗಳು ಎಷ್ಟು, ನಡುವೆ ಬಿಟ್ಟರೆ ಹಣ ಮರಳುವ ನಿಯಮ ಲಿಖಿತವಾಗಿ ಏನು ಎಂದು ಕೇಳಲಿ. ಮನೆಯಲ್ಲೇ ಆನ್‌ಲೈನ್ ಓದುವವರು ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬೇಕು. ಜುಲೈ ಮಳೆಗೆ ಪೆರ್ಲದಿಂದಾಚೆ ಕರೆಂಟೂ ನೆಟ್ಟೂ ಯಾರ ಮಾತನ್ನೂ ಕೇಳುವುದಿಲ್ಲ.

ಮುಂದಿನ ಸಲ ಅರ್ಜಿ ತುಂಬುವಾಗ ಭಾಷೆಯ ಕಲಮಿನಲ್ಲಿ ಎಚ್ಚರ. ಕನ್ನಡ ಪ್ರಶ್ನೆಪತ್ರಿಕೆ ಕೊಡುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡು, ಕಣ್ಣೂರು ಕೇಂದ್ರ ಬೇಕೆಂದವರಿಗೆ ಕನ್ನಡ ಸಿಗದು. ಕನ್ನಡ ಬೇಕೆಂದವರು ಮಂಗಳೂರಿನಂಥ ಊರನ್ನು ಆರಿಸಬೇಕು. ಕನ್ನಡದ ಜತೆ ಇಂಗ್ಲಿಷೂ ಅಚ್ಚಾಗಿರುತ್ತದೆ, ಗೊಂದಲ ಬಂದರೆ ಇಂಗ್ಲಿಷೇ ಅಂತಿಮ. ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದವರು ಕೊನೆಗಳಿಗೆಯಲ್ಲಿ ಕನ್ನಡಕ್ಕೆ ಹೊರಳುವುದು ಲಾಭವೆಂದು ನಮಗೆ ಅನಿಸಿಲ್ಲ. ಎರಡೆರಡು ಸಲ ಓದುವುದರಲ್ಲಿ ಹೊತ್ತು ಹೋಗುತ್ತದೆ.

ಬೇಡವೆಂದವರಿಗೆ ದಾರಿಗಳು ಕಡಿಮೆಯೇನಿಲ್ಲ. ಕೇರಳದಲ್ಲಿ ಬಿಎಸ್ಸಿ ನರ್ಸಿಂಗ್, ಎಂಎಲ್‌ಟಿ (ಲ್ಯಾಬ್ ತಂತ್ರಜ್ಞಾನ), ಕಣ್ಣಿನ ಪರೀಕ್ಷೆಯ ಆಪ್ಟೋಮೆಟ್ರಿ, ಹೃದಯ ಶಸ್ತ್ರಚಿಕಿತ್ಸೆಯ ಯಂತ್ರ ನಡೆಸುವ ಪರ್ಫ್ಯೂಶನ್‌ನಂಥ ಕೋರ್ಸುಗಳ ಪ್ರವೇಶವನ್ನು ಎಲ್‌ಬಿಎಸ್ ಸೆಂಟರ್ ನಡೆಸುತ್ತ ಬಂದಿದೆ, ಪ್ಲಸ್ ಟು ಅಂಕಗಳ ಮೇಲೆ. ಅದಕ್ಕೆ ಬೇರೆಯೇ ಅರ್ಜಿ. ಆಯುಷ್‌ನ ಅಖಿಲ ಭಾರತ ಸೀಟುಗಳಿಗೂ ಎಎಸಿಸಿಸಿ ಎಂಬ ಬೇರೆಯೇ ಸಮಿತಿ, ಬೇರೆಯೇ ನೋಂದಣಿ. ಒಂದು ಕೋರ್ಸಿಗೆ ಸೇರಿಕೊಂಡು ಒಳಗೊಳಗೇ ನೀಟ್ ಓದುವ ಯೋಚನೆಯಿದ್ದರೆ, ನಡುವೆ ಬಿಟ್ಟಾಗ ಕಟ್ಟಬೇಕಾದ ಮೊತ್ತವನ್ನು ಪ್ರಾಸ್ಪೆಕ್ಟಸಿನಲ್ಲಿ ಓದಿದ ಮೇಲೆ ಮೂಲ ಪ್ರಮಾಣಪತ್ರಗಳನ್ನು ಕೊಡಿ.

ಇಂಥ ಸಭೆಗಳಲ್ಲಿ ಕೊನೆಗೆ ಬರುವ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರಿಸುತ್ತೇವೆ.

ನೀಟ್ ಇಲ್ಲದೆ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ ಎನ್ನುವವರು ಇದ್ದಾರಲ್ಲ? ಎಂಬಿಬಿಎಸ್‌ಗೆ ಅಂಥ ಸೀಟೇ ಇಲ್ಲ. ಮುಂಗಡ ಕೊಟ್ಟವರಿಗೆ ಹೋಗುವುದು ಹಣ ಮಾತ್ರ.

ವಿದೇಶಕ್ಕೆ ಕಳುಹಿಸಬಹುದೇ? ನೀಟ್ ಅರ್ಹತೆ ಅಲ್ಲಿಗೂ ಬೇಕು. 2021ರ ನವೆಂಬರಿನ ನಿಯಮದಂತೆ ಕೋರ್ಸ್ ಕನಿಷ್ಠ 54 ತಿಂಗಳು, ಇಂಗ್ಲಿಷ್ ಮಾಧ್ಯಮ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಆ ದೇಶದಲ್ಲೇ ವೈದ್ಯ ವೃತ್ತಿಯ ನೋಂದಣಿಗೆ ಅರ್ಹತೆ. ಮರಳಿದ ಮೇಲೆ ವಿದೇಶದಲ್ಲಿ ಓದಿದವರಿಗಾಗಿ ಇರುವ 300 ಅಂಕಗಳ ಅರ್ಹತಾ ಪರೀಕ್ಷೆ ಎಫ್‌ಎಂಜಿಇಯಲ್ಲಿ 150 ಬರಬೇಕು, ಮತ್ತೆ ಇಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಏಜೆಂಟರ ಕಾಗದದಲ್ಲಿ ಆ ನಿಯಮದ ನಾಲ್ಕೂ ವಿಷಯಗಳು ಬರಹದಲ್ಲಿ ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ.

ವಯಸ್ಸು ಮೀರುತ್ತದೆಯೇ? ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಮೇಲಿನ ಮಿತಿ ಇಲ್ಲ, ಎಷ್ಟು ಸಲ ಬರೆಯಬಹುದೆಂಬ ಮಿತಿಯೂ ಇಲ್ಲ. ಆದರೆ ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಕೂಡಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲು ವರ್ಗಗಳಿಗೆ ಶೇ. 40 ಇರಲೇಬೇಕು. ರಿಪೀಟ್ ಬ್ಯಾಚಿಗೆ ಹಣ ಕಟ್ಟುವ ಮೊದಲು ಆ ಮಾರ್ಕ್ ಲಿಸ್ಟನ್ನು ಒಮ್ಮೆ ತೆಗೆದು ಕೂಡಿಸಿ ನೋಡಿ.